ಎಂಟು ಕೂಗಿನ ಕುಕ್ಕರ್

ಆ ಕುಕ್ಕರ್ ಒಮ್ಮೆ ಕೂಗಿದರೆ ಸಾಕು, ಮೂರು ಹರದಾರಿ ದೂರದ ನಿಲ್ದಾಣದಲ್ಲಿ ನಿಂತಿದ್ದ ರೈಲು, ಗಾರ್ಡ್ ಸೀಟಿ ಊದಿದನೆಂದು ತಿಳಿದು ಹೊರಟುಬಿಡುತ್ತಿತ್ತು. ಒಂದು ದಿನವಲ್ಲ, ಎರಡು ದಿನವಲ್ಲ, ಆ ವರ್ಷವಿಡೀ ಹೀಗೇ. ಪ್ರಯಾಣಿಕರು ಪೆಟ್ಟಿಗೆ ಹೊತ್ತು ಹಿಂದೆ ಓಡುವರು, ಗಾರ್ಡ್ ಬಡಪಾಯಿ "ನಾನಲ್ಲ, ನಾನಲ್ಲ" ಎಂದು ಬಾಯಿ ಬಾಯಿ ಬಡಿದುಕೊಳ್ಳುವನು. ಕೊನೆಗೆ ರೈಲಿನ ದೊಡ್ಡ ಅಧಿಕಾರಿಗಳೇ ಎರಡು ಮಹಡಿ ಹತ್ತಿ ಬಂದು, "ಅಮ್ಮಾ, ನಿಮ್ಮನೇಲಿ ಬೇಳೆ ಎಷ್ಟು ಗಂಟೆಗೆ ಬೇಯುತ್ತೆ ಅಂತ ಒಂದು ಚೀಟಿ ಬರೆದುಕೊಡಿ, ನಾವು ಅದನ್ನೇ ವೇಳಾಪಟ್ಟಿ ಮಾಡ್ಕೋತೀವಿ" ಎಂದು ಕೈಮುಗಿದು ನಿಂತರು. ನಂಬದವರು ನಂಬಬೇಡಿ, ಕಥೆಗೇನೂ ನಷ್ಟವಿಲ್ಲ.

ಕುಕ್ಕರಿನ ಒಡತಿಗೆ ಆಗ ಇಪ್ಪತ್ತೊಂದು ವರ್ಷ. ಮದುವೆಯಾಗಿ ಏಳು ತಿಂಗಳು. ಬೆನ್ನು ಹಿಡಿದವರ, ಭುಜ ಸೆಟೆದವರ ಮೈಕೈ ನೆಟ್ಟಗೆ ಮಾಡುವ ಫಿಸಿಯೋಥೆರಪಿ ಓದುತ್ತಿದ್ದಳು, ಎರಡನೇ ವರ್ಷ. ಎರಡನೇ ಮಹಡಿಯಲ್ಲಿ ಒಂದು ಕೋಣೆ, ಅದಕ್ಕೆ ಬಾಲದಂತೆ ಒಂದು ಅಡುಗೆಮನೆ. ಎಷ್ಟು ಚಿಕ್ಕ ಅಡುಗೆಮನೆಯೆಂದರೆ, ಹಾಲು ಉಕ್ಕಬೇಕೆಂದರೆ ಒಳಗಿದ್ದವರು ಹೊರಗೆ ಬಂದು ಅದಕ್ಕೆ ಜಾಗ ಮಾಡಿಕೊಡಬೇಕಿತ್ತು. ಪುಸ್ತಕ ಇಡಲು ಬೇರೆಲ್ಲೂ ಸ್ಥಳವಿಲ್ಲದೆ ಅಂಗರಚನೆಯ ದಪ್ಪ ಪುಸ್ತಕ ಉಪ್ಪಿನ ಡಬ್ಬಿಗೂ ಸಕ್ಕರೆ ಡಬ್ಬಿಗೂ ನಡುವೆ ನಿಂತಿತ್ತು. ಸೌಟು ತೂಗುಹಾಕುವ ಮೊಳೆಯಲ್ಲಿ, ಸೌಟಿನ ಪಕ್ಕದಲ್ಲೇ, ಕಾಲೇಜಿನಿಂದ ತಂದ ಪ್ಲಾಸ್ಟಿಕ್ ಮೂಳೆಗಳ ಕೈಯೊಂದು ನೇತಾಡುತ್ತಿತ್ತು. ಗಾಳಿ ಬೀಸಿದಾಗ ಅದು ಬಂದವರಿಗೆಲ್ಲ ಟಾಟಾ ಮಾಡುತ್ತಿತ್ತು.

ಗಂಡ ಲಿಫ್ಟ್ ರಿಪೇರಿ ಮಾಡುವವನು. ಅವನ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ಎತ್ತರದ ಆಳು. ಸಿಂಹದ ಎದೆ. ಅವನು ಒಳಗೆ ಕಾಲಿಟ್ಟರೆ ಕೆಟ್ಟ ಲಿಫ್ಟುಗಳು ನಾಚಿಕೊಂಡು ತಾವೇ ಸರಿಹೋಗುತ್ತಿದ್ದವು. ಹೆಂಡತಿ ಮಾಡಿದ್ದನ್ನು ತುಟಿಪಿಟಕ್ಕೆನ್ನದೆ ಉಣ್ಣುವ ಸಾಧುಪ್ರಾಣಿ. ಇಂಥ ಗಂಡ ಇನ್ನು ನೂರು ವರ್ಷಕ್ಕೆ ಹುಟ್ಟುವುದಿಲ್ಲ.

ಇರಲಿ. ಆ ವರ್ಷ ಅವಳು ಮೌಖಿಕ ಪರೀಕ್ಷೆಯಲ್ಲಿ ಫೇಲಾದಳು. ಕನ್ನಡಕದ ಪರೀಕ್ಷಕರು ಮೇಜಿನ ಮೇಲೆ ಮಣಿಕಟ್ಟಿನ ಎಂಟು ಪುಟ್ಟ ಮೂಳೆಗಳನ್ನು ಹರಡಿ, "ಒಂದೊಂದಾಗಿ ಹೇಳಮ್ಮ" ಎಂದರು. ಮೊದಲನೆಯದನ್ನು ಹೇಳಿದಳು. ಆಮೇಲೆ ಕೋಣೆಯ ಮೌನ ಅವಳ ಕಿವಿಗೆ ಹತ್ತಿಯಂತೆ ತುಂಬಿಕೊಂಡಿತು. ಗಡಿಯಾರವೂ ಇಲ್ಲದ ಕೋಣೆ. ಐದು ನಿಮಿಷ ಕಾದು ಪರೀಕ್ಷಕರು ಮೂಳೆಗಳನ್ನು ಡಬ್ಬಿಗೆ ತುಂಬಿಕೊಂಡರು. ಆರು ವಾರದ ನಂತರ ಇನ್ನೊಂದು ಅವಕಾಶ. ಅದರಲ್ಲೂ ಹೋದರೆ ಕಾಲೇಜಿನ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ, ಮತ್ತೆ ಸೇರಿಸಿಕೊಳ್ಳುವ ಮಾತಿಲ್ಲ.

ಸುದ್ದಿ ಕೇಳಿ ಅತ್ತೆ ಬಂದರು. ಅಡುಗೆಮನೆಯ ಬಾಗಿಲಲ್ಲಿ ನಿಂತು, ಒಳಗೆ ಇಬ್ಬರಿಗೆ ಜಾಗವಿಲ್ಲದ್ದರಿಂದ, ತಲೆಯನ್ನು ಮಾತ್ರ ಒಳಗೆ ಹಾಕಿದರು.

"ಒಂದು ಕೈಯಲ್ಲಿ ಸೌಟು, ಇನ್ನೊಂದ್ರಲ್ಲಿ ಪುಸ್ತಕ. ಹಿಂಗಾದ್ರೆ ಬೇಳೆನೂ ಸೀದುಹೋಗುತ್ತೆ, ಓದೂ ಸೀದುಹೋಗುತ್ತೆ. ಯಾವ್ದಾದ್ರೂ ಒಂದು ಕೆಳಗಿಡಮ್ಮ."

"ನಾನು ಓದ್ತಾ ಇರೋದೇ ಕೈ ಬಗ್ಗೆ ಅತ್ತೆ. ಎರಡೂ ಕೈ ಬೇಕು."

"ಮಾತಿಗೇನೂ ಕಮ್ಮಿ ಇಲ್ಲ. ಅಲ್ಲಿ ಪರೀಕ್ಷೆಯವರ ಮುಂದೆ ಈ ಮಾತೆಲ್ಲ ಎಲ್ಲಿ ಹೋಗಿತ್ತು?"

ಅಷ್ಟರಲ್ಲಿ ಕುಕ್ಕರ್ ಕೂಗಿತು. ಅದರ ಮೇಲಿನ ಗುಂಡು ಹಳೆಯದಾಗಿ ಸಡಿಲವಾದಾಗ ಗಂಡನೇ ಏನೋ ಬಿಗಿದು ಸರಿಮಾಡಿದ್ದ. ಅಂದಿನಿಂದ ಅದರ ಕೂಗು ಲೋಕದ ಬೇರೆ ಯಾವ ಕುಕ್ಕರಿನಂತೆಯೂ ಇರಲಿಲ್ಲ. ಮೊದಲು ಉದ್ದಕ್ಕೆ "ಸ್ಸ್ಸ್ಸ್", ಕೊನೆಗೆ ಒಂದು ಬಿಕ್ಕಳಿಕೆ, "ಕಿಕ್". ಅತ್ತೆ ಬೆಚ್ಚಿ ತಲೆಯನ್ನು ಹೊರಗೆಳೆದುಕೊಂಡರು. ಸೊಸೆ ಮಾತ್ರ ಕುಕ್ಕರನ್ನೇ ನೋಡುತ್ತಾ ನಿಂತಳು. ಮೊಳೆಯಲ್ಲಿದ್ದ ಮೂಳೆಯ ಕೈಯನ್ನು ತೆಗೆದುಕೊಂಡಳು.

ಅಕ್ಕಿಗೆ ಮೂರು ಕೂಗು. ಹಸ್ತಕ್ಕೆ ಬರುವ ನರಗಳೂ ಮೂರು. ಬೇಳೆಗೆ ನಾಲ್ಕು. ಭುಜದ ಕೀಲನ್ನು ಅಪ್ಪಿಹಿಡಿಯುವ ಸ್ನಾಯುಗಳೂ ನಾಲ್ಕು. ಇಡೀ ಆಲೂಗಡ್ಡೆಗೆ ಐದು. ಕತ್ತಿನಿಂದ ತೋಳಿಗೆ ಇಳಿಯುವ ನರದ ಬೇರುಗಳೂ ಐದು. ಮತ್ತೆ ಗಟ್ಟಿ ಕಾಳು, ನೆನೆಸಿದರೂ ಜಗ್ಗದ ಮೊಂಡ ಕಾಳು, ಅದಕ್ಕೆ ಸರಿಯಾಗಿ ಎಂಟು. ಮಣಿಕಟ್ಟಿನ ಮೂಳೆಗಳೂ ಎಂಟು.

ಅಂದಿನಿಂದ ಆ ಮನೆಯಲ್ಲಿ ಅಡುಗೆಗೆ ತರಕಾರಿಯ ಹೆಸರಿರಲಿಲ್ಲ.

"ಇವತ್ತೇನಡುಗೆ?" ಎಂದು ಗಂಡ ಬೂಟು ಬಿಚ್ಚುತ್ತಾ ಕೇಳಿದರೆ, ಒಳಗಿನಿಂದ "ಭುಜ" ಎಂದು ಉತ್ತರ ಬರುತ್ತಿತ್ತು.

"ಜೊತೆಗೆ ನಂಚಿಕೊಳ್ಳೋಕೆ?"

"ಕತ್ತು."

ಕುಕ್ಕರ್ ಕೂಗುವವರೆಗೆ ಅವಳು ಬಾಯಿ ತೆರೆಯುತ್ತಿರಲಿಲ್ಲ. ಕೂಗಿದ ಕೂಡಲೇ ಎಡಗೈ ಮಣಿಕಟ್ಟನ್ನು ಬಲಗೈ ಹೆಬ್ಬೆರಳಿನಿಂದ ಒತ್ತಿ ಒಂದು ಹೆಸರು. ಮತ್ತೆ ಮೌನ, ಮತ್ತೆ ಕೂಗು, ಇನ್ನೊಂದು ಹೆಸರು. ಪುಸ್ತಕದ ಹೆಸರುಗಳು ನಾಲಿಗೆಗೆ ತೊಡರುವಂಥವು. ಅವಕ್ಕೆ ಹಿಡಿಕೆಯಂತೆ ಅವಳದೇ ಅಡ್ಡಹೆಸರುಗಳು: ದೋಣಿ, ಅರ್ಧಚಂದ್ರ, ಮುಮ್ಮೂಲೆ, ಬಟಾಣಿ, ಮೇಜು, ಮೇಜಿನ ತಮ್ಮ, ಬುರುಡೆ, ಕೊಕ್ಕೆ. ಎಂಟನೇ ಕೂಗಿಗೆ ಕೊಕ್ಕೆ ಬಿತ್ತೆಂದರೆ ಒಲೆ ಆರಿಸುವಳು. ಕಾಳು ಬೆಣ್ಣೆಯಂತೆ ಬೆಂದಿರುತ್ತಿತ್ತು. ಐದಕ್ಕೇ ತಡವರಿಸಿದರೆ ತನಗೆ ತಾನೇ ಶಿಕ್ಷೆ: ಮಾರನೆಯ ದಿನವೂ ಕಾಳು.

ಮಣಿಕಟ್ಟು ಅಷ್ಟು ಸುಲಭವಾಗಿ ಬಗ್ಗಲಿಲ್ಲ. ಆ ಸಾಧುಪ್ರಾಣಿ ಗಂಡ ಒಂಬೈನೂರು ದಿನ ಒಂದೇ ಸಮನೆ ಕಾಳು ತಿಂದ. ಮುಖದಲ್ಲಿ ಮುಗುಳ್ನಗೆ ಮಾಸಲಿಲ್ಲ. (ಆರು ವಾರದಲ್ಲಿ ಒಂಬೈನೂರು ದಿನ ಹೇಗೆ ಎಂದು ಲೆಕ್ಕ ಹಾಕುವವರು ದಯವಿಟ್ಟು ಬೇರೆ ಕಥೆ ಓದಿ.)

ಪರೀಕ್ಷೆಗೆ ಮೂರು ದಿನ ಇದ್ದಾಗ ಅವಳು ಕಾಲೇಜಿನಿಂದ ಬಂದು ನೋಡುತ್ತಾಳೆ, ಒಲೆಯ ಪಕ್ಕದಲ್ಲಿ ಬಿಳಿಯ, ಮೊಟ್ಟೆಯಂತೆ ನುಣ್ಣಗಿನ ಕರೆಂಟಿನ ಪಾತ್ರೆಯೊಂದು ಕುಳಿತಿದೆ. ಗುಂಡಿ ಒತ್ತಿದರೆ ಕೆಂಪು ದೀಪ, ಬೆಂದರೆ ಹಸಿರು ದೀಪ. ಉಸಿರಿನ ಶಬ್ದವೂ ಇಲ್ಲ.

"ಹೆಂಗಿದೆ?" ಗಂಡ ಎದೆಯುಬ್ಬಿಸಿ ನಿಂತಿದ್ದ. "ಪರೀಕ್ಷೆ ಹತ್ರ ಬಂತಲ್ಲ, ನಿನಗೆ ಸದ್ದುಗದ್ದಲ ಇರಬಾರದು ಅಂತ. ನಿಶ್ಶಬ್ದವಾಗಿ ಓದ್ಕೋ."

"ಹಳೇದೆಲ್ಲಿ?"

"ಅಮ್ಮನಿಗೆ ಕೊಟ್ಟುಬಿಟ್ಟೆ."

ಅವಳು ಆ ಪಾತ್ರೆಯಲ್ಲಿ ಕಾಳು ಹಾಕಿ ಎದುರಿಗೆ ಕುಳಿತಳು. ಮಣಿಕಟ್ಟಿನ ಮೇಲೆ ಹೆಬ್ಬೆರಳಿಟ್ಟು ಕಾದಳು. ಕೆಂಪು ದೀಪ ಕಣ್ಣು ಪಿಳುಕಿಸದೆ ಅವಳನ್ನೇ ನೋಡಿತು. ಒಂದು ಗಂಟೆಯ ನಂತರ ಹಸಿರಾಯಿತು. ದೋಣಿಯಿಂದಾಚೆ ಒಂದು ಮೂಳೆಯೂ ನೆನಪಾಗಲಿಲ್ಲ. ಅದೇ ಹತ್ತಿಯಂಥ ಮೌನ, ಪರೀಕ್ಷೆಯ ಕೋಣೆಯ ಮೌನ, ಈಗ ಅವಳ ಅಡುಗೆಮನೆಯಲ್ಲೇ ಬಂದು ಕುಳಿತಿತ್ತು.

ಗಂಡನ ಮುಖ ಬಿಳುಚಿತು. "ಈಗಲೇ ಹೋಗಿ ತರ್ತೀನಿ."

"ಬೇಡ." ಅವಳು ಕಾಳನ್ನು ತಟ್ಟೆಗೆ ಬಡಿಸಿ ಅವನ ಮುಂದೆ ತಳ್ಳಿದಳು. ಅಳಲಿಲ್ಲ, ಕೂಗಾಡಲೂ ಇಲ್ಲ. ಕೂಗಾಡಿದ್ದರೆ ಅವನಿಗೆ ಎಷ್ಟೋ ಹಾಯೆನಿಸುತ್ತಿತ್ತು. "ಪರೀಕ್ಷೆ ಕೋಣೇಲಿ ಕುಕ್ಕರ್ ಇರುತ್ತಾ? ಇವತ್ತು ಗೊತ್ತಾಗಿದ್ದೇ ಒಳ್ಳೇದಾಯ್ತು. ಮೂರು ದಿನ ಇದೆ. ಅದಿಲ್ಲದೇನೇ ಕಲೀತೀನಿ. ಉಣ್ಣು."

ಮೂರು ದಿನ ಅವಳು ಬಿಳಿ ಪಾತ್ರೆಯ ಎದುರು ಕೂತಳು. ಮೊದಲ ದಿನ ಎರಡು ಮೂಳೆ. ಎರಡನೇ ದಿನ ನಾಲ್ಕು. ಮೂರನೇ ದಿನ ಮತ್ತೆ ಮೂರಕ್ಕೇ ಇಳಿಯಿತು. ಪರೀಕ್ಷೆಯ ಬೆಳಿಗ್ಗೆ ಅವಳು ಇಬ್ಬರಿಗೂ ಅನ್ನ ಮಾಡಿ, ಡಬ್ಬಿ ಕಟ್ಟಿ, ಮೂಳೆಯ ಕೈಯನ್ನು ಕುಲುಕಿ ಹೊರಟಳು.

ಮುಂದೆ ನಡೆದದ್ದನ್ನು ಕೇಳಿದರೆ ನಿಮ್ಮ ರೋಮ ನಿಮಿರುತ್ತದೆ.

ಅದೇ ಕೋಣೆ, ಅದೇ ಕನ್ನಡಕ, ಅದೇ ಎಂಟು ಮೂಳೆ. ದೋಣಿ ಎಂದಳು. ಅರ್ಧಚಂದ್ರ ಎಂದಳು. ಮೂರನೆಯದು ಬಾರದು! ಪರೀಕ್ಷಕರು ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿಯೇಬಿಟ್ಟರು. ಆಗ, ಆಗ ನೋಡಿ, ಕಿಟಕಿಯ ಕೆಳಗಿನ ತೋಟದಿಂದ "ಸ್ಸ್ಸ್ಸ್, ಕಿಕ್!" ಯಾರೆಂದುಕೊಂಡಿರಿ? ಅವನೇ! ಸಿಂಹದ ಎದೆಯವನು! ಅಮ್ಮನ ಮನೆಯಿಂದ ಹಳೇ ಕುಕ್ಕರನ್ನು ಬೆನ್ನಿಗೆ ಕಟ್ಟಿಕೊಂಡು, ಏಳು ಕಾವಲುಗಾರರನ್ನು ದಾಟಿ, ಎಂಟಡಿ ಗೋಡೆ ಹಾರಿ, ಹೂಗಿಡಗಳ ನಡುವೆ ಒಲೆ ಹೂಡಿ ಕುಳಿತಿದ್ದ! ಒಂದು ಕೂಗಿಗೆ ಮುಮ್ಮೂಲೆ, ಇನ್ನೊಂದಕ್ಕೆ ಬಟಾಣಿ, ಮೇಜು, ಮೇಜಿನ ತಮ್ಮ, ಬುರುಡೆ, ಕೊಕ್ಕೆ! ಪರೀಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು, ಕೆಳಗಿಳಿದು ಬಂದು ಎರಡು ತಟ್ಟೆ ಕಾಳು ತಿಂದರು, ಅವಳಿಗೆ ನೂರಕ್ಕೆ ನೂರಹತ್ತು ಅಂಕ ಕೊಟ್ಟರು, ಮತ್ತು ಗಂಡನ ಭುಜ ತಟ್ಟಿ,

"ಯಾರ ಭುಜ?"

ಹಿಂದಿನಿಂದ ಬಂದ ಈ ದನಿ ಕಥೆಯೊಳಗಿನದಲ್ಲ. ನನ್ನ ಕುರ್ಚಿಯ ಹಿಂದಿನದು. ಬರೆಯುವ ಭರದಲ್ಲಿ ಅವಳು ಬಂದು ನಿಂತದ್ದು ನನಗೆ ತಿಳಿಯಲಿಲ್ಲ. ಕೈಯಲ್ಲಿ ಸೌಟು. ಈಗ ಅವಳು ದೊಡ್ಡ ಆಸ್ಪತ್ರೆಯಲ್ಲಿ ಜನರ ಭುಜ ಸರಿಮಾಡುವವಳು. ಎಲ್ಲಿ ಒತ್ತಿದರೆ ಎಷ್ಟು ನೋಯುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತು. ಹೆಬ್ಬೆರಳನ್ನು ನನ್ನ ಹೆಗಲ ಮೇಲೆ ಇಟ್ಟಳು. ಇನ್ನೂ ಒತ್ತಿರಲಿಲ್ಲ.

"ಎತ್ತರದ ಆಳು. ಸಿಂಹದ ಎದೆ. ಯಾರಪ್ಪ ಇವನು? ನನಗೆ ಇನ್ನೊಂದು ಮದುವೆ ಯಾವಾಗಾಯ್ತು?"

"ಸ್ವಲ್ಪ ಉಪ್ಪು ಖಾರ ಹಾಕಿದೆ, ಅಷ್ಟೇ."

"ಆ ಹೊತ್ತಲ್ಲಿ ನೀನು ಎಲ್ಲಿದ್ದೆ? ಬರಿ. ನಾನು ಇಲ್ಲೇ ನಿಂತಿರ್ತೀನಿ."

ಸರಿ, ಬರೆಯುತ್ತೇನೆ. ಆ ಹೊತ್ತಿನಲ್ಲಿ ನಾನು ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಅವಳು ಬೇಡವೆಂದರೂ ಕೇಳದೆ, ಆ ಬೆಳಿಗ್ಗೆ ಕುಕ್ಕರ್ ತರಲು ಐದನೇ ಮಹಡಿಯ ಅಮ್ಮನ ಮನೆಗೆ ಹೋಗಿದ್ದು ನಿಜ. ಹಿಂದಿರುಗುವಾಗ ನಾಲ್ಕಕ್ಕೂ ಮೂರಕ್ಕೂ ನಡುವೆ ಲಿಫ್ಟು ನಿಂತಿತು. ಕುಕ್ಕರನ್ನು ಮಡಿಲಲ್ಲಿಟ್ಟುಕೊಂಡು ಎರಡು ಗಂಟೆ ಕುಳಿತಿದ್ದೆ. ಅಮ್ಮ ಮೆಟ್ಟಿಲ ಮೇಲೆ ಕುಳಿತು ಸಂದಿಯಿಂದ ಕೇಳುತ್ತಲೇ ಇದ್ದರು: "ಹೋದ ವಾರ ಇದನ್ನ ರಿಪೇರಿ ಮಾಡಿದ್ದು ನೀನೇ ಅಲ್ವೇನೋ?" ಹೌದು, ನಾನೇ.

"ಇನ್ನೊಂದಿದೆ. ಆ ಬಿಳಿ ಪಾತ್ರೆ."

ಹೆಬ್ಬೆರಳು ಒಂದು ಕೂದಲೆಳೆಯಷ್ಟು ಒತ್ತಿತು. ಬಿಳಿ ಪಾತ್ರೆ ತಂದದ್ದು ಅವಳ ಓದಿಗಾಗಿ ಅಲ್ಲ. ಒಂಬೈನೂರು ದಿನವಲ್ಲ, ಬರೀ ಒಂಬತ್ತು ದಿನ ಕಾಳು ತಿಂದು ನನಗೆ ಸಾಕಾಗಿತ್ತು. ಕುಕ್ಕರ್ ಮನೆ ಬಿಟ್ಟು ಹೋದರೆ ಕಾಳೂ ಹೋಗುತ್ತದೆ ಎಂದುಕೊಂಡಿದ್ದೆ. ಇದನ್ನು ಈವರೆಗೆ ಅವಳಿಗೆ ಹೇಳಿರಲಿಲ್ಲ. ಅವಳಿಗೆ ಮೊದಲ ದಿನವೇ ಗೊತ್ತಿತ್ತಂತೆ.

ಹಾಗಾದರೆ ಆ ಕೋಣೆಯಲ್ಲಿ ಕೂಗಿದ್ದು ಯಾರು? ಅವಳೇ. ಮೂರನೇ ಮೂಳೆಯ ಮುಂದೆ ಮೌನ ತುಂಬಿಕೊಂಡಾಗ ಅವಳು ಕಣ್ಣು ಮುಚ್ಚಿ, ಮಣಿಕಟ್ಟಿನ ಮೇಲೆ ಹೆಬ್ಬೆರಳಿಟ್ಟು, ಹಲ್ಲುಗಳ ನಡುವಿನಿಂದ ಉಸಿರು ಬಿಟ್ಟಳು: ಸ್ಸ್ಸ್ಸ್, ಕಿಕ್.

"ಏನಮ್ಮಾ ಅದು?" ಎಂದರಂತೆ ಪರೀಕ್ಷಕರು.

"ಬೇಯ್ತಾ ಇದೆ ಸಾರ್. ಸ್ವಲ್ಪ ತಡೀರಿ."

ಅವರು ಡಬ್ಬಿಯಿಂದ ಕೈ ತೆಗೆದರು. ತಡೆದರು. ಮೊದಲಿನಿಂದ ಶುರುಮಾಡಿ ಒಂದೊಂದು ಮೂಳೆಗೆ ಒಂದೊಂದು ಕೂಗಿನಂತೆ ಎಂಟು ಬಾರಿ, ಪರರ ಮುಂದೆ, ನಾಚಿಕೆಯನ್ನು ಬದಿಗಿಟ್ಟು ಅವಳು ತಾನೇ ಕುಕ್ಕರ್ ಆದಳು. ಅಂಕ ನೂರಹತ್ತಲ್ಲ. ಪಾಸಾಗಲು ಬೇಕಾದದ್ದಕ್ಕಿಂತ ಎರಡೇ ಎರಡು ಹೆಚ್ಚು. ಚಪ್ಪಾಳೆ ಯಾರೂ ತಟ್ಟಲಿಲ್ಲ. ಸಂಜೆ ಮನೆಗೆ ಬಂದಾಗ ನಾನು ಕುಕ್ಕರ್ ಹಿಡಿದು ತಲೆತಗ್ಗಿಸಿ ಬಾಗಿಲಲ್ಲಿ ನಿಂತಿದ್ದೆ. ಅವಳು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಒಲೆಯ ಮೇಲಿಟ್ಟಳು. ಆ ರಾತ್ರಿಯ ಅಡುಗೆ ಕಾಳು. ಮೂರು ತಟ್ಟೆ ತಿಂದೆ.

ಹೆಬ್ಬೆರಳು ಹೆಗಲಿನಿಂದ ಎದ್ದಿತು. ಮುಗಿಯಿತೆಂದುಕೊಂಡೆ. ಅವಳು ಮೊದಲ ಪುಟವನ್ನು ಎತ್ತಿ ಸೌಟಿನ ತುದಿಯಿಂದ ಮೊದಲ ಸಾಲನ್ನು ತಟ್ಟಿದಳು.

ಆಯಿತು, ಅದನ್ನೂ ಹೇಳಿಬಿಡುತ್ತೇನೆ. ಆ ಊರಿಗೆ ರೈಲೇ ಇಲ್ಲ.