ಪರವಾನಗಿ ದೇವೇಂದ್ರಪ್ಪನವರು

ಯಲಬುರ್ಗಿಯ ಅರಳೆ ವ್ಯಾಪಾರಿ ದೇವೇಂದ್ರಪ್ಪನವರ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ತಗ್ಗಿನಲ್ಲಿತ್ತು. ಹುಟ್ಟಿನಿಂದ ಬಂದ ಊನವಲ್ಲ. ಮಾಸಲು ಕೋಟಿನ ಮೇಲೆ, ಜಗತ್ತಿಗೆಲ್ಲ ಕಾಣುವಂತೆ, ಚರ್ಮದ ಪಟ್ಟಿಯಲ್ಲಿ ಅವರು ತೂಗುಹಾಕಿಕೊಳ್ಳುತ್ತಿದ್ದ ಪಿಸ್ತೂಲಿನ ಭಾರಕ್ಕೆ ಬಾಗಿದ್ದು. ಸಂತೆಯಿಂದ ಸಂತೆಗೆ ಕಾರಿನಲ್ಲಿ ಒಂಟಿಯಾಗಿ ತಿರುಗುವವರೆಂದು ನಿಜಾಮ ಸರಕಾರ ಕೊಟ್ಟ ಪರವಾನಗಿಯಲ್ಲಿ, ಆಯುಧವನ್ನು ಉಡುಪಿನಲ್ಲಾಗಲಿ ವಾಹನದಲ್ಲಾಗಲಿ ಮರೆಮಾಡತಕ್ಕದ್ದಲ್ಲವೆಂಬ ಉರ್ದು ಸಾಲೊಂದಿತ್ತು. ಬೇರೆಯವರು ಓದಿ ಮರೆಯುವ ಅಂಥ ಸಾಲನ್ನು ಅವರು ಮಂತ್ರದಂತೆ ಧಾರಣೆ ಮಾಡಿದ್ದರು. ಕಾರು ಹತ್ತಿದರೆ ಪಿಸ್ತೂಲು ಮುಂದಿನ ಗಾಜಿನ ಪಕ್ಕದ ಕೊಂಡಿಗೆ ಏರುತ್ತಿತ್ತು. ಎದುರು ಸಿಕ್ಕ ಪೊಲೀಸನಿಗೆ, ಅವನು ಕೇಳುವ ಮೊದಲೇ, "ಪಿಸ್ತೂಲ್ ಐತ್ರಿ, ಕಾಗದಾನೂ ಐತ್ರಿ!" ಗುಂಡು ಹಾರಿಸಿದ್ದು ಮಾತ್ರ ಒಮ್ಮೆಯೂ ಇಲ್ಲ. "ಸಾವ್ಕಾರ್ರ, ಇವತ್ತ ಅದಕ್ಕ ಎಣ್ಣಿ ಹಚ್ಚೀರೇನ್ರಿ?" ಎಂದು ಕುಷ್ಟಗಿಯ ಸಂತೆಯಲ್ಲಿ ಹೆಂಗಸರು ನಗುತ್ತಿದ್ದರು, ಅವರಿಗಿಂತ ಜೋರಾಗಿ ಇವರು ನಗುತ್ತಿದ್ದರು.

ಸಾವಿರದೊಂಬೈನೂರ ನಲವತ್ತೊಂದರ ಒಂದು ಮಧ್ಯಾಹ್ನ ಪಕ್ಕದ ಮನೆಯ ಬಾನುಬೀಗೆ ಹೆರಿಗೆ ಕಷ್ಟವಾಯಿತು. ಸೂಲಗಿತ್ತಿ ಕೈಚೆಲ್ಲಿ, ಗದಗಿನ ದವಾಖಾನೆಗೆ ಒಯ್ಯಿರೆಂದಳು. ದೇವೇಂದ್ರಪ್ಪನವರು ಬಾನುಬೀಯನ್ನೂ ಅವಳ ಅತ್ತೆ ಜೈನಾಬೀಯನ್ನೂ ಹಿಂದೆ ಕೂರಿಸಿ, ಹೆಂಡತಿ ಶೇಖರಮ್ಮನವರನ್ನು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡು ಧೂಳೆಬ್ಬಿಸುತ್ತ ಹೊರಟರು. ಗಡಿನಾಕೆಯಲ್ಲಿ ಕಾರು ನಿಂತಾಗಲೇ ಕೊಂಡಿಯ ಕಡೆ ಅವರ ಕಣ್ಣು ಹೋದದ್ದು. ಆಚೆಗೆ ಇಂಗ್ರೇಜಿ ಸೀಮೆ. ನಿಜಾಮರ ಪರವಾನಗಿ ಅಲ್ಲಿ ನಡೆಯದು.

"ಸೀಟಿನ ಕೆಳಗ ಒಗೀರಿ, ಯಾರ್ ನೋಡ್ತಾರ?" ಎಂದ ನಾಕೆಯ ಜಮಾದಾರ ಕಳಕಪ್ಪ.

"ಮುಚ್ಚಿ ಒಯ್ಯೂದು ಗುನ್ಹೆ, ಕಳಕಪ್ಪ."

"ಹಂಗಾರ ನನ್ನ ಕಡೆ ಕೊಟ್ಟು ಹೋಗ್ರಿ."

"ರಸೀದಿ?"

"ಬರಿಯೋ ಮುನ್ಷಿ ಊಟಕ್ಕ ಹೋಗ್ಯಾನ."

"ರಸೀದಿ ಇಲ್ದ ಕೊಡೂದೂ ಗುನ್ಹೆನ."

ಹಿಂದಿನಿಂದ ಬಾನುಬೀ "ಯಾ ಅಲ್ಲಾ!" ಎಂದು ನರಳಿದಳು. ದೇವೇಂದ್ರಪ್ಪನವರು ಕೊಂಡಿಯ ಪಿಸ್ತೂಲಿಗೆ ಕೈಯಿಟ್ಟು, ಮತ್ತೆ ಹಿಂದಕ್ಕೆ ತೆಗೆದುಕೊಂಡರು. ತಾವು ಬಾಳೆಲ್ಲ ಪೂಜಿಸಿಕೊಂಡು ಬಂದ ಕಾಯ್ದೆ ಒಂದು ಜೀವಕ್ಕೆ ಅಡ್ಡಗಟ್ಟಿ ನಿಂತದ್ದನ್ನು ಅವರು ಅಂದೇ ಮೊದಲು ಕಂಡರು.

"ನೀವು ಪಿಸ್ತೂಲ್ ತಗೊಂಡು ಇಳೀರಿ," ಎಂದರು ಶೇಖರಮ್ಮ. "ಗಾಡಿ ನಾ ಹೊಡಿತೀನಿ."

ಸುಗ್ಗಿ ಮುಗಿದ ಎರೆಹೊಲದಲ್ಲಿ, ಹೆಂಡತಿಯ ಹಟಕ್ಕೆ ಸೋತು ಕಾರು ಕಲಿಸಿದವರು ಅವರೇ. ರಸ್ತೆಗೆ ಮಾತ್ರ ಬಿಟ್ಟಿರಲಿಲ್ಲ. "ಗಾಡಿ ಹೊಡಿಯಾಕೂ ಪರವಾನ..." ಎಂದು ಬಾಯಿ ತೆರೆದರು. ಹಿಂದಿನ ಸೀಟನ್ನೊಮ್ಮೆ ನೋಡಿದರು. ಉಳಿದ ಮಾತನ್ನು ನುಂಗಿ, ಪಿಸ್ತೂಲು ಹಿಡಿದು ಇಳಿದು, ತಾವೇ ಬಾಗಿಲು ಹಾಕಿದರು.

"ಕ್ಲಚ್ ಸಾವಕಾಶ ಬಿಡು!"

ಕಾರು ಜಿಗಿಯಿತು, ತಡವರಿಸಿತು, ಹೋಯಿತು. ಅವರು ಬೇವಿನ ನೆರಳಲ್ಲಿ ಕುಳಿತು, ಕಳಕಪ್ಪ ಕೊಟ್ಟ ರೊಟ್ಟಿಯನ್ನೂ ಮುಟ್ಟದೆ, ರಸ್ತೆಗೇ ಕಿವಿಗೊಟ್ಟಿದ್ದರು. ಹೊತ್ತು ಇಳಿಯುವಾಗ ದೂರದಿಂದ ಹಾರ್ನು ಕೇಳಿತು. ಬಿಡದೆ, ನಾಚಿಕೆಯಿಲ್ಲದೆ, ವಾಲಗದ ಹಾಗೆ.

"ಹೆಣ್ಣುಕೂಸು! ತಾಯಿ ಮಗಳು ಇಬ್ರೂ ಛಲೋ ಅದಾರ!" ಎಂದು ಶೇಖರಮ್ಮ ಕಾರಿನಿಂದಲೇ ಕೂಗಿದರು. "ದಾರ್‍ಯಾಗ ಒಂದ್ ಎಮ್ಮಿ ಅಡ್ಡ ಬಂತ್ರಿ. ಬೈದೆ, ಸರೀತು."

ದೇವೇಂದ್ರಪ್ಪನವರು ಕಣ್ಣೊರೆಸಿಕೊಳ್ಳುತ್ತ ನಕ್ಕರು. ಮರುವಾರವೇ ಹೆಂಡತಿಯ ಹೆಸರಿನಲ್ಲಿ ಕಾರು ನಡೆಸುವ ಪರವಾನಗಿಗೆ ಅರ್ಜಿ ಹಾಕಿದರು.

ಕಾಯ್ದೆಗೆ ಹೆದರಿ ನಡೆಯುವವರು ಎಲ್ಲ ಊರಲ್ಲೂ ಇರುತ್ತಾರೆ. ಸಂದು ಸಿಕ್ಕಲ್ಲಿ ಅವರು ನುಸುಳುತ್ತಾರೆ. ಕಾಯ್ದೆಯನ್ನು ಪ್ರೀತಿಯಿಂದ ಪಾಲಿಸುವವರು ವಿರಳ. ಅಂಥವರನ್ನು ಲೋಕ ಹುಂಬರೆಂದು ನಗುವುದುಂಟು. ಆದರೆ ಕಾಯ್ದೆ ಇರುವುದು ಮನುಷ್ಯನ ಜೀವ ಕಾಯಲಿಕ್ಕೆ ಎಂಬುದು ಅವರಿಗೆ ಯಾರೂ ಹೇಳದೆಯೇ ಗೊತ್ತಿರುತ್ತದೆ.