ಬೇಗ ಮುಗಿದ ವಿಡಿಯೊ

ಹಿರಿಯೂರಿನಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವ ದುರ್ಗಾ, ಗಂಡ ಹನುಮೇಶ್ ತೀರಿಕೊಂಡ ಮೇಲೆ ಮೊದಲ ಸಲ ಒಬ್ಬಳೇ ಚಿತ್ರದುರ್ಗದ ಕಂಪ್ಯೂಟರ್ ಅಂಗಡಿಗೆ ಬಂದಳು. ಹಳೆಯ ಕಂಪ್ಯೂಟರ್ ಪದೇಪದೇ ಹ್ಯಾಂಗ್ ಆಗುತ್ತಿತ್ತು.

"ಹನುಮೇಶಣ್ಣ ಬರ್ಲಿಲ್ವೇನಕ್ಕಾ?" ಎಂದ ಅಂಗಡಿಯ ಗೋವರ್ಧನ.

"ತೀರ್ಕಂಡ್ರು. ರ‍್ಯಾಮ್ ಎಷ್ಟು ಹಾಕಿದ್ರೆ ಸಾಕು?"

ಅವನು ತಡವರಿಸಿದ. "ಹದಿನಾರು ಜಿಬಿ ಸಾಕಕ್ಕ. ಗ್ರಾಫಿಕ್ಸ್ ಕಾರ್ಡೂ ಬದಲಾಯಿಸಿದ್ರೆ ಕೆಲ್ಸ ಬೇಗ ಆಗ್ತೈತೆ."

"ಬೇಗ ಆಗೋದನ್ನೇ ಹಾಕಪ್ಪ."

ಅವನು ಎರಡು ಕಾರ್ಡ್ ತೋರಿಸಿದಾಗ ಕೈಗೆ ಹತ್ತಿರವಿದ್ದುದರ ಮೇಲೆ ಬೆರಳಿಟ್ಟಳು. ಅಳು ಬರಲಿಲ್ಲ.

ಹೊಸ ಕಾರ್ಡ್ ಹಾಕಿಸಿದ ಕಂಪ್ಯೂಟರನ್ನು ಮನೆಗೆ ತಂದು, ಅರ್ಧಕ್ಕೆ ನಿಂತಿದ್ದ ಮದುವೆಯ ವಿಡಿಯೊ ತಯಾರಾಗಲು ಬಿಟ್ಟು ಚಹಾಕ್ಕೆ ನೀರಿಟ್ಟಳು. ಮೊದಲೆಲ್ಲ ಅದು ಮುಗಿಯುವಷ್ಟರಲ್ಲಿ ಗಂಡಹೆಂಡತಿ ಚಹಾ ಕುಡಿದು, ಜಗಳವಾಡಿ, ರಾಜಿಯೂ ಆಗಿರುತ್ತಿದ್ದರು. ಈಗ ನೀರು ಕುದಿಯುವ ಮೊದಲೇ ಮುಗಿದಿತ್ತು. ದುರ್ಗಾ ಒಲೆ ಆರಿಸಿ, ಮುಂದಿನ ಮದುವೆಯ ಫೈಲ್ ತೆರೆದಳು.