ಗುಂಡುಕಲ್ಲಿಗೆ ಸಿಕ್ಕಿದ ಚುರುಟುಗಳು

ಮನೆ ಬದಲಾಯಿಸುವಾಗ ಯಾವುದರ ಮೇಲೆ ಏನನ್ನು ಇಡಬೇಕು ಎನ್ನುವ ವಿವೇಕ ಯಾರಿಗಾದರೂ ಒಬ್ಬರಿಗೆ ಇದ್ದಿದ್ದರೆ ಜಯಸಿಂಹನ ಮನೆಯಲ್ಲಿ ಆ ರಾದ್ಧಾಂತ ಆಗುತ್ತಲೇ ಇರಲಿಲ್ಲ. ಬಸವನಗುಡಿಯ ವಠಾರದಿಂದ ಜಯನಗರದ ಹೊಸ ಮನೆಗೆ ಎತ್ತಿನ ಗಾಡಿ ಹೊರಡುವ ಹೊತ್ತಿಗೆ ಕೆಳಗೆ ಉಳಿದದ್ದು ಒರಳಿನ ಗುಂಡುಕಲ್ಲು ಒಂದೇ. ಎಲ್ಲಿಡಲಿ ಎಂದು ಗಾಡಿಯವನು ಕೇಳಿದ. ಜಯಸಿಂಹನ ತಾಯಿ ಮೀನಾಕ್ಷಮ್ಮ, "ಆ ಹಾಸಿಗೆ ಸುರುಳಿ ಮೇಲೆ ಇಡಪ್ಪ, ಮೆತ್ತಗಿರತ್ತೆ" ಎಂದರು. ಅವರು ಹೇಳಿದ ಮೇಲೆ ಆ ಮನೆಯಲ್ಲಿ ಎರಡನೆಯ ಮಾತಿರಲಿಲ್ಲ. ಆದರೆ ಅದೇ ಹಾಸಿಗೆ ಸುರುಳಿಯೊಳಗೆ, ಮೆತ್ತಗಿರಲಿ ಎಂದೇ, ಜಯಸಿಂಹ ತನ್ನ ಚುರುಟಿನ ಪೆಟ್ಟಿಗೆಯನ್ನು ಸುತ್ತಿಟ್ಟಿದ್ದ.

ತಿರುಚಿನಾಪಳ್ಳಿಯ ಚುರುಟು. ಮದರಾಸಿಗೆ ವರ್ಗವಾಗಿ ಹೋದ ಮೇಲಧಿಕಾರಿ ಪ್ರೀತಿಯಿಂದ ಕೊಟ್ಟು ಹೋದದ್ದು. ಭಾನುವಾರಕ್ಕೊಂದರಂತೆ ತಾರಸಿಯಲ್ಲಿ ಒಬ್ಬನೇ ಕೂತು ಅದನ್ನು ಸೇದುತ್ತ, ತಾನೊಬ್ಬ ಗುಮಾಸ್ತ ಎನ್ನುವುದನ್ನು ಸ್ವಲ್ಪ ಹೊತ್ತು ಮರೆಯುವುದು ಜಯಸಿಂಹನ ಏಕೈಕ ಭೋಗ. ಹೊಸ ಮನೆಯಲ್ಲಿ ಹಾಸಿಗೆ ಬಿಚ್ಚಿದಾಗ ಪೆಟ್ಟಿಗೆ ಚಪ್ಪಟೆಯಾಗಿತ್ತು. ಎರಡು ಚುರುಟು ಹೇಗೋ ಬದುಕಿದ್ದವು. ಮಿಕ್ಕವು ಮುರಿದು, ಸಿಪ್ಪೆ ಸುಲಿದು, ಹೊಟ್ಟೆಯ ಎಲೆಯನ್ನೆಲ್ಲ ಹೊರಗೆ ಚೆಲ್ಲಿಕೊಂಡು ಬಿದ್ದಿದ್ದವು.

ಅವನ ಹೆಂಡತಿ ಚೂಡಾಮಣಿಗೆ ಗಂಡನ ಮುಖ ನೋಡಿ ನಗು ಬಂತು, ಪಾಪ ಅಂತಲೂ ಅನ್ನಿಸಿತು. ಜಯಸಿಂಹ ರಿಪೇರಿಗೆ ಕೂತ. ಮೊದಲು ಮೈದಾ ಅಂಟು ಹಚ್ಚಿ ನೋಡಿದ, ಅದು ಒಣಗಿ ಬಿರುಕು ಬಿಟ್ಟಿತು. ಹೊಲಿಗೆ ದಾರ ಸುತ್ತಿದ. ಸೇದುವಾಗ ದಾರಕ್ಕೇ ಬೆಂಕಿ ಹತ್ತಿ ಮೀಸೆ ಒಂದಿಷ್ಟು ಸುಟ್ಟಿತು. ಕೊನೆಗೆ ಆಫೀಸಿನಿಂದ ಅಂಚೆ ಚೀಟಿ ಹಾಳೆಯ ಅಂಟಿನ ಅಂಚುಗಳನ್ನು ತಂದು, ಹಜಾರದಲ್ಲಿ ಕಾಲು ಚಾಚಿ ಕೂತು, ಒಂದೊಂದನ್ನೇ ನಾಲಗೆಯಿಂದ ನೆನೆಸಿ ಚುರುಟಿಗೆ ಪಟ್ಟಿ ಕಟ್ಟತೊಡಗಿದ. ಆಗ ಮಡಿಯಲ್ಲಿದ್ದ ಮೀನಾಕ್ಷಮ್ಮ ಪೂಜೆ ಮುಗಿಸಿ ಹೊರಬಂದರು.

"ಥೂ! ಎಂಜಲು ಕಣೋ! ಹಜಾರದ ತುಂಬಾ ಎಂಜಲು ಮಾಡ್ತಾ ಇದೀಯಲ್ಲೋ!"

"ನಿನ್ನ ಗುಂಡುಕಲ್ಲು ಮಾಡಿದ ಘನಕಾರ್ಯಕ್ಕೆ ನಾನು ಪ್ರಾಯಶ್ಚಿತ್ತ ಮಾಡ್ತಾ ಇದೀನಿ ಅಮ್ಮ."

"ಒಳ್ಳೇದೇ ಮಾಡ್ತು ಗುಂಡುಕಲ್ಲು. ಬಾಯಲ್ಲಿ ಕೊಳ್ಳಿ ಇಟ್ಕೊಂಡು ಕೂರೋದು ಯಾವ ಬ್ರಾಹ್ಮಣ್ಯ?"

"ಓಹೋ, ನಿನ್ನ ನಶ್ಯ ಏನು ತೀರ್ಥವಾ? ಅದೂ ಹೊಗೆಸೊಪ್ಪೇ ತಾನೆ? ಇನ್ಮೇಲೆ ನಾನು ತಂದ್ಕೊಡಲ್ಲ, ಹೋಗು."

ಆಡಬಾರದ ಮಾತು. ಮೀನಾಕ್ಷಮ್ಮನವರ ಬೆಳ್ಳಿ ನಶ್ಯದ ಡಬ್ಬಿ ಆ ಮನೆಯಲ್ಲಿ ಎಲ್ಲರೂ ಕಂಡೂ ಕಾಣದಂತಿರುವ ವಸ್ತು. ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದ ಅದಕ್ಕೆ ಅವರಿಟ್ಟ ಹೆಸರು 'ತಲೆನೋವಿನ ಪುಡಿ'. ಗಾಂಧಿ ಬಜಾರಿನ ಕರಿಬಸವಯ್ಯನ ಅಂಗಡಿಯಿಂದ ಜಯಸಿಂಹ ಅದನ್ನು ಅಷ್ಟೇ ಗೌರವದಿಂದ ತಂದುಕೊಡುತ್ತಿದ್ದ. ಈಗ ಅವನು ತರಲಿಲ್ಲ, ಅವರು ಕೇಳಲಿಲ್ಲ. ಡಬ್ಬಿ ಬರಿದಾದ ದಿನ ಮೀನಾಕ್ಷಮ್ಮ ಟ್ರಂಕಿಗೆ ಸೀರೆ ತುಂಬಿ, ಬಸವನಗುಡಿಯಲ್ಲೇ ಇದ್ದ ಕಿರಿಯ ಮಗ ರಾಮಪ್ರಸಾದನಿಗೆ ಗುರುವಾರ ಬಂದು ಕರೆದುಕೊಂಡು ಹೋಗುವಂತೆ ಹೇಳಿಕಳಿಸಿದರು. ಅವನ ಮನೆಯಿಂದ ಕರಿಬಸವಯ್ಯನ ಅಂಗಡಿ ಕೂಗಳತೆ. ಅಲ್ಲಿಗೆ ಹೋದರೆ ಅವರು ತಿರುಗಿ ಬರುವ ಪೈಕಿ ಅಲ್ಲ.

ಸೊಸೆಗೆ ಹಬ್ಬ ಎಂದುಕೊಂಡಿರಾ? ಬಸವನಗುಡಿಯ ನೆಂಟರೂ ಹಾಗೇ ಅಂದುಕೊಂಡರು. ಚೂಡಾಮಣಿಗೆ ಮಾತ್ರ ಹಾಗನ್ನಿಸಲಿಲ್ಲ. ಜಯನಗರ ಆಗ ಊರೆನ್ನುವಂತಿರಲಿಲ್ಲ. ಅಳತೆಯ ಕಲ್ಲು ನೆಟ್ಟ ಖಾಲಿ ನಿವೇಶನಗಳು, ನಡುನಡುವೆ ಒಂದೊಂದು ಮನೆ, ಸಂಜೆಯಾದರೆ ನರಿಯ ಕೂಗು. ಬೆಳಿಗ್ಗೆ ಕತ್ರಿಗುಪ್ಪೆಯಿಂದ ಮೊಸರು ತರುವ ಸೊಣ್ಣಮ್ಮ ಹೋದಳೆಂದರೆ ಗಂಡ ಬರುವ ತನಕ ಮಾತಾಡಲು ಇದ್ದ ಜೀವವೆಂದರೆ ಅತ್ತೆಯೊಬ್ಬರೇ. ಅವರು ಬೈಯುತ್ತಿದ್ದರು, ನಿಜ. ಸಾರಿಗೆ ಉಪ್ಪು ಸಾಲದು, ರಂಗೋಲಿ ಸೊಟ್ಟ, ಸೆರಗು ಜಾರಿದೆ. ಆದರೆ ಬೈಗುಳದ ನಡುವೆ ಹಳೆಯ ಕತೆ ಹೇಳುತ್ತಿದ್ದರು, ಮಧ್ಯಾಹ್ನ ಚೌಕಾಬಾರ ಆಡುತ್ತಿದ್ದರು, ಮೋಸವನ್ನೂ ಮಾಡುತ್ತಿದ್ದರು. ಅವರಿಲ್ಲದ ಆ ಮನೆಯನ್ನು ನೆನೆದರೆ ಅವಳಿಗೆ ಹೆದರಿಕೆಯಾಯಿತು.

ಹಾಗಂತ ಬಾಯಿಬಿಟ್ಟು ಹೇಳುವುದು ಹೇಗೆ? 'ಹೋಗಬೇಡಿ ಅತ್ತೆ' ಎಂದರೆ 'ನಿನ್ನ ಗಂಡ ಹೇಳಲಿ' ಎನ್ನುತ್ತಾರೆ. ಗಂಡನಿಗೆ ಹೇಳಿದರೆ 'ಅಮ್ಮನೇ ಸೋಲಲಿ' ಎನ್ನುತ್ತಾನೆ. ತಾಯಿ ಮಗ ಇಬ್ಬರದ್ದೂ ಒಂದೇ ಮೂಗು, ಒಂದೇ ಹಟ.

ಆಗ ಅವಳಿಗೆ ತವರಿನ ತಾತ ನೆನಪಾದರು. ತಾತ ಅಂಗಡಿಯ ನಶ್ಯ ಮೂಸಿದವರಲ್ಲ, ಮನೆಯಲ್ಲೇ ಮಾಡಿಕೊಳ್ಳುತ್ತಿದ್ದರು. ಬುಧವಾರ ಜಯಸಿಂಹ ಆಫೀಸಿಗೆ ಹೋದ ಮೇಲೆ ಚೂಡಾಮಣಿ ಪೆಟ್ಟಿಗೆಯಿಂದ ನಾಲಗೆ ತಾಗದ ಚೂರುಗಳನ್ನಷ್ಟೇ ಆರಿಸಿಕೊಂಡು ಹಿತ್ತಿಲಿಗೆ ಹೋದಳು. ಇದ್ದಲು ಒಲೆಯ ಮೇಲೆ ಒಡೆದ ಮಡಕೆಯ ಓಡಿಟ್ಟು ಎಲೆ ಹುರಿದಳು. ಏಲಕ್ಕಿ ಕುಟ್ಟುವ ಪುಟ್ಟ ಕುಟ್ಟಾಣಿಯಲ್ಲಿ ನುಣ್ಣಗೆ ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಚೂರು ಸುಣ್ಣ ಸೇರಿಸಿ, ತುಪ್ಪ ಸವರಿದ ಬೆರಳಲ್ಲಿ ತಿಕ್ಕಿದಳು. ಅಷ್ಟರೊಳಗೆ ಸೀನಿ ಸೀನಿ ಅವಳ ಮೂಗು ಕೆಂಪಗಾಗಿತ್ತು.

"ಶೀತಾನೇನೇ ಚೂಡಾ? ಕಷಾಯ ಮಾಡ್ಕೊಳೇ" ಎಂದು ಒಳಗಿನಿಂದ ಅತ್ತೆ ಕೂಗಿದರು. ಹೊರಟು ನಿಂತವರಿಗೆ ಈ ಕಾಳಜಿ ಬೇರೆ, ಎಂದು ಚೂಡಾಮಣಿಗೆ ಕಣ್ಣು ತುಂಬಿತು. ಮಾರನೆಯ ದಿನ ಅವರು ಸ್ನಾನಕ್ಕೆ ಹೋದಾಗ ಗೂಡಿನಲ್ಲಿಟ್ಟಿದ್ದ ಬೆಳ್ಳಿ ಡಬ್ಬಿಯನ್ನು ತುಂಬಿಸಿ ಅಲ್ಲೇ ಇಟ್ಟಳು.

ರಾಮಪ್ರಸಾದ ಜಟಕಾ ತಂದ. ಟ್ರಂಕು ಗಾಡಿಗೆ ಏರಿತು. ಜಯಸಿಂಹ ಸೈಕಲ್ಲಿನ ಚೈನನ್ನು ವಿನಾಕಾರಣ ಒರೆಸುತ್ತ ಅಂಗಳದಲ್ಲೇ ಉಳಿದ. ಮೀನಾಕ್ಷಮ್ಮ ದೇವರಿಗೆ ಕೈಮುಗಿದು ಹೊಸಿಲ ಬಳಿ ಬಂದರು. ಚೂಡಾಮಣಿ ಅವರ ಕಾಲಿಗೆ ನಮಸ್ಕರಿಸಲು ಬಗ್ಗಿದಳು. ಡಬ್ಬಿ ತುಂಬಿಸುವಾಗ ಸೆರಗಿಗೆ ಅಂಟಿದ್ದ ಪುಡಿ ಮೂಗಿಗೆ ಹೋಯಿತು. ಅವಳು ಸೀನಿದಳು, ಒಂದೇ ಒಂದು ಸಲ.

ಎಲ್ಲರೂ ನಿಂತಲ್ಲೇ ನಿಂತರು. ಆ ಮನೆಯಲ್ಲಿ ಒಂಟಿ ಸೀನು ಎಂದರೆ ಕೆಂಪು ಬಾವುಟ. ಎರಡಾದರೆ ಶುಭ, ಹೊರಡಬಹುದು. ಒಂದೇ ಆದರೆ ಒಳಗೆ ಬಂದು, ಕೂತು, ನೀರು ಕುಡಿಯಬೇಕು. ಇದರಿಂದಾಗಿ ಜಯಸಿಂಹನಿಗೆ ಎಷ್ಟು ಸಲ ಬಸ್ಸು ತಪ್ಪಿದೆಯೋ ಲೆಕ್ಕವಿಲ್ಲ.

ಮೀನಾಕ್ಷಮ್ಮ ಗೊಣಗುತ್ತ ಒಳಗೆ ಬಂದು ಮಣೆಯ ಮೇಲೆ ಕೂತು ನೀರು ಕುಡಿದರು. ಕೂತರೆ ಕೈ ತಾನಾಗಿ ಸೊಂಟಕ್ಕೆ ಹೋಗುತ್ತದೆ. ಹೋಯಿತು. ಡಬ್ಬಿ ಭಾರವಾಗಿತ್ತು. ಮುಚ್ಚಳ ತೆಗೆದು, ಒಮ್ಮೆ ಸೊಸೆಯ ಕಡೆ ನೋಡಿ, ಚಿಟಿಕೆ ತೆಗೆದು ಏರಿಸಿದರು. ಅವರ ಹುಬ್ಬು ಮೇಲೆ ಹೋಯಿತು.

"ಯಾವ ಅಂಗಡೀದೇ ಇದು?"

"ಅಂಗಡೀದಲ್ಲ ಅತ್ತೆ. ಇವರ ಚುರುಟಿನ ಚೂರು, ನಾನೇ ಹುರಿದು ಮಾಡಿದೆ" ಎಂದಳು ಚೂಡಾಮಣಿ, ಆದದ್ದಾಗಲಿ ಎಂದು. "ನಾಲಗೆ ತಾಗಿಸಿದ್ದನ್ನ ಮುಟ್ಟಿಲ್ಲ. ಆದ್ರೂ ನೀವು ಎಂಜಲು ಅಂತೀರೇನೋ."

ಮೀನಾಕ್ಷಮ್ಮ ಇನ್ನೊಂದು ಚಿಟಿಕೆ ತೆಗೆದು ಯೋಚಿಸಿದರು. "ಬೆಂಕಿಗೆ ಬಿದ್ದು ಎದ್ದಮೇಲೆ ಎಂಥ ಎಂಜಲೇ? ಅಗ್ನಿ ಎಲ್ಲಾನೂ ಶುದ್ಧಿ ಮಾಡ್ತಾನೆ." ಆಮೇಲೆ ಗೋಡೆಗೆ ಹೇಳುವವರಂತೆ, "ಮುರಿದದ್ದು ಇನ್ನೂ ಇದ್ಯೋ, ಮುಗೀತೋ?" ಎಂದರು.

ಅಂಗಳದಿಂದಲೇ ಇದನ್ನು ಕೇಳಿಸಿಕೊಂಡ ಜಯಸಿಂಹ ಎಣ್ಣೆ ಕೈಯಲ್ಲೇ ಒಳಗೆ ಹೋದ. ಉಳಿದಿದ್ದ ಎರಡು ಇಡೀ ಚುರುಟುಗಳನ್ನು ತಂದು ತಾಯಿಯ ಎದುರು ನಿಂತ. ಒಂದನ್ನು ಲಟಕ್ಕನೆ ಮುರಿದ.

"ಇದೂ ಮುರಿದಿದೆ ಅಮ್ಮ" ಎಂದ.

ಮೀನಾಕ್ಷಮ್ಮ ಅವನನ್ನು ನೋಡಲಿಲ್ಲ. ಚೂರುಗಳನ್ನು ಮಾತ್ರ ಈಸಿಕೊಂಡು ಸೆರಗಿನಲ್ಲಿ ಗಂಟು ಹಾಕಿಕೊಂಡರು.

"ಅಮ್ಮಾ, ನೀರು ಕುಡಿದಾಯ್ತಲ್ಲ. ಜಟಕಾದವನು ಕೂಗ್ತಿದಾನೆ, ಏಳು" ಎಂದ ರಾಮಪ್ರಸಾದ, ಈ ನಡುವೆ ಏನು ನಡೆಯಿತೆಂದು ಗೊತ್ತಾಗದೆ.

ಮೀನಾಕ್ಷಮ್ಮ ಎದ್ದರು. ಕರಿಬಸವಯ್ಯನ ನಶ್ಯಕ್ಕೆ ಎಂದೂ ಜಗ್ಗದ ಮೂಗು ಅದು. ತಿರುಚಿನಾಪಳ್ಳಿಯ ಎಲೆಗೆ ಜಗ್ಗಿತು. ಗೋಡೆಗಳು ಅದುರುವಂತೆ ಅವರು ಸೀನಿದರು, ಒಂದು ಸಲ.

"ಇರಿ ಅತ್ತಿಗೆ, ಗಾಬರಿಯಾಗ್ಬೇಡಿ. ಎರಡನೇದು ಬರತ್ತೆ, ಬಂದಮೇಲೆ ಹೊರಟುಬಿಡೋಣ" ಎಂದು ರಾಮಪ್ರಸಾದ ಸಮಾಧಾನ ಹೇಳಿದ.

ಎಲ್ಲರೂ ಕಾದರು. ಚೂಡಾಮಣಿ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಅದು ಕೆಂಪಾಯಿತು, ಕಣ್ಣಲ್ಲಿ ನೀರು ತುಂಬಿತು. ಎರಡನೆಯ ಸೀನು ಬಂದೇ ಬಿಟ್ಟಿತ್ತು. ಮೀನಾಕ್ಷಮ್ಮ ಸೆರಗಿನಿಂದ ಎರಡೂ ಕೈಯಲ್ಲಿ ಮೂಗನ್ನು ಬಿಗಿಯಾಗಿ ಹಿಡಿದುಕೊಂಡರು. ಅದು ಹಿಂದಕ್ಕೆ ಹೋಗುವ ತನಕ ಕೈ ಬಿಡಲಿಲ್ಲ.